ಬಿಳಿಯ ಪುಟ

ಬಸ್ಸು ಹುನಗುಂದ ಬಿಟ್ಟು ಹೆದ್ದಾರಿ ಹತ್ತಿದ ಮೇಲೆ, ಪಕ್ಕದಲ್ಲಿ ಕೂತ ಹೆಂಗಸು ತನ್ನ ಕೈಗಳನ್ನೇ ನೋಡುತ್ತಿದ್ದಾಳೆಂದು ಆರಿಫಾಳಿಗೆ ಅರಿವಾಯಿತು. ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ಏನನ್ನೋ ಒತ್ತುತ್ತಿದ್ದವು. ಕೈಯನ್ನು ಓಢಣಿಯೊಳಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ನಿನ್ನೆ ಇಡೀ ದಿನ ಒತ್ತಿದ್ದು ಅದನ್ನೇ: ಹೆಸರು, ಪಾಸ್‌ವರ್ಡ್, ಒಳಗೆ. ಒತ್ತಿದ ಮೇಲೆ ಒಂದು ಸಣ್ಣ ಚಕ್ರ ತಿರುಗಿ, ನಿಂತು, ಬಿಳಿಯ ಪುಟ ಬರುತ್ತಿತ್ತು. ತಪ್ಪು ಎಂದು ಕೆಂಪು ಅಕ್ಷರದಲ್ಲಿ ಬೈದಿದ್ದರೂ ಸಹಿಸಬಹುದಿತ್ತು. ಬೈಗುಳದಲ್ಲಿ ಏನಾದರೊಂದು ಸುಳಿವು ಇರುತ್ತದೆ. ಇದು ಬಾಗಿಲು ತೆರೆದು, ಹೆಸರು ಕೇಳಿ, ಒಳಗೆ ಕರೆದು, ಆಮೇಲೆ ಯಾರೂ ಮಾತಾಡಿಸದ ಮನೆಯ ಹಾಗೆ. ಇಳಕಲ್ಲಿನ ಗ್ರಾನೈಟ್ ಕಂಪನಿಯ ಅಷ್ಟೂ ಜನರ ಮೇಲ್ ಹೀಗೆ ನಿಂತು ಒಂದು ಹಗಲು ಕಳೆದಿತ್ತು. ಆ ಮೇಲ್ ಸರ್ವರನ್ನು ನೋಡಿಕೊಳ್ಳುವವಳು ಆಕೆ ಒಬ್ಬಳೇ.

ಮಾರಾಟ ವಿಭಾಗದ ಗೌತಮ ಊಟದ ಹೊತ್ತಿಗೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, 'ಮೇಡಂ, ನಿಮ್ಮ ರೋಜಾ ಮುಗದು ಭಾಳ ದಿನ ಆತು. ನಮ್ಮ ಮೇಲ್ ಯಾಕ ಇನ್ನಾ ಉಪಾಸ ಕುಂತೈತಿ?' ಎಂದಿದ್ದ. ಹಿಂದೆ ನಿಂತ ಇಬ್ಬರು ನಕ್ಕಿದ್ದರು. ಆಕೆಯೂ ನಕ್ಕಿದ್ದಳು. ಆ ನಗುವನ್ನೇ ಈಗ ಬಸ್ಸಿನಲ್ಲಿ ಮತ್ತೆ ಮತ್ತೆ ತಿರುವಿ ನೋಡುತ್ತಿದ್ದಳು. ಯಾಕೆ ನಕ್ಕೆ? ನಗದೆ ಇದ್ದಿದ್ದರೆ ಅವನು ಏನು ಮಾಡುತ್ತಿದ್ದ? ನಾಲ್ಕು ಗಂಟೆಯ ಸುಮಾರಿಗೆ ಮಾಲೀಕ ಸಂತೋಷಕುಮಾರ ಖುದ್ದು ಕೆಳಗಿಳಿದು ಬಂದಿದ್ದ. ಅವಳಿಗಿಂತ ಎರಡು ಮೂರು ವರ್ಷ ಚಿಕ್ಕವನು, ಅಪ್ಪನ ಕುರ್ಚಿಗೆ ಬಂದವನು, ದನಿ ಏರಿಸಿ ಗೊತ್ತಿಲ್ಲದವನು. ಬೈಯಲಿಲ್ಲ. ಅವಳನ್ನು ನೋಡದೆ ಗೋಡೆಯ ಮೇಲಿನ ಎಸಿಯನ್ನು ನೋಡುತ್ತ, 'ಸರ್‌ಗೆ ಫೋನ್ ಹಚ್ರಿ' ಎಂದು ಹೋದ. ಯಾವ ಸರ್ ಎಂದು ಆ ಕಂಪನಿಯಲ್ಲಿ ಯಾರೂ ಕೇಳುವುದಿಲ್ಲ.

ವಿಜಯಮಹಾಂತೇಶ ಸರ್. ಆ ಸರ್ವರನ್ನು ಪೆಟ್ಟಿಗೆಯಿಂದ ತೆಗೆದು ಕೂರಿಸಿದವರು ಅವರು. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಬಿಲ್ ಟೈಪು ಮಾಡುವ ಕೆಲಸಕ್ಕೆ ಸೇರಿದ್ದ ಆರಿಫಾಳನ್ನು 'ಈ ಹುಡುಗಿ ಕೈ ಶಾಂತ ಅದಾವು' ಎಂದು ತಮ್ಮ ಕೋಣೆಗೆ ಕರೆಸಿಕೊಂಡವರು. ಮದುವೆ ಆದ ಮೇಲೆ ಅವಳು ಕೆಲಸ ಬಿಡಬೇಕೆಂದು ಮಾತು ಬಂದಾಗ ಹುನಗುಂದಕ್ಕೆ ಬಂದು ಅವಳ ಗಂಡ ನವೀದನ ಅಂಗಡಿಯ ಸ್ಟೂಲಿನ ಮೇಲೆ ಕೂತು, 'ನಿಮ್ಮ ಮನಿಯಾಕಿ ಬಿಟ್ರ ನಾ ಕುರುಡ ಆಗ್ತೇನ್ರಿ' ಎಂದು ಹೇಳಿ ಹೋದವರು. ನಿವೃತ್ತರಾಗಿ ಬಾದಾಮಿಯಲ್ಲಿ ಮನೆ ಮಾಡಿ ಎರಡು ವರ್ಷ ಆಗಿತ್ತು. ಹೋಗುವ ಮುಂಚೆ, ಸಲಹೆಗಾರ ಅಂತ ವರ್ಷಾ ವರ್ಷಾ ಒಂದು ಒಪ್ಪಂದ ಮಾಡಿಕೊಳ್ಳಿ ಎಂದು ಕಂಪನಿಯನ್ನು ಕೇಳಿದ್ದರಂತೆ. 'ಆರಿಫಾ ಅದಾರಲ್ಲ, ಸಾಕು' ಎಂದಿದ್ದನಂತೆ ಸಂತೋಷಕುಮಾರ. ಅದನ್ನು ಬೇರೆಯವರ ಬಾಯಿಂದ ಕೇಳಿದ ದಿನ, ಯಾರದೋ ಕೈಯ ಕೋಲಾಗಿ ಆ ಮನುಷ್ಯನ ಬೆನ್ನಿಗೆ ಬಿದ್ದಿದ್ದು ತನ್ನ ಹೆಸರೇ ಅನ್ನಿಸಿ ಅವಳಿಗೆ ಅವರ ಮುಖ ನೋಡಲಾಗಿರಲಿಲ್ಲ.

ನಿನ್ನೆ ಫೋನು ಹಚ್ಚಿದಾಗ ಅವರ ದನಿ ಕೇಳಿದ ಕೂಡಲೇ ಅವಳ ಕಣ್ಣು ತುಂಬಿತ್ತು. 'ಸರ್, ಮೇಲ್ ತೆರೀವಲ್ದು' ಎಂದಷ್ಟೇ ಅಂದಿದ್ದಳು. ಅವರು ಒಂದು ಕ್ಷಣವೂ ತಡೆಯದೆ, 'ಬಿಳೇ ಪುಟ ಬಂದು ನಿಂದರತೈತೇನು?' ಎಂದರು. 'ಹೌದ್ರಿ ಸರ್.' 'ಗಾಬರಿ ಆಗಬ್ಯಾಡ. ಮುಂಜಾನಿ ಬರ್ತೇನಿ. ಉಂಡು ಮಲಕ್ಕೊ.' ಎಂಥ ವೈದ್ಯರು, ಎಂದುಕೊಂಡಿದ್ದಳು ಆಗ. ನಾಡಿ ಮುಟ್ಟದೆ ರೋಗ ಹೇಳುತ್ತಾರೆ. ನವೀದನಿಗೂ ಹಾಗೆಯೇ ಹೇಳಿದ್ದಳು.

ಬಸ್ಸಿಳಿದು ಕಂಪನಿಯ ಗೇಟು ದಾಟುವಾಗ ಕಲ್ಲು ಕೊಯ್ಯುವ ಯಂತ್ರಗಳು ಆಗಲೇ ಹೊಯ್ಯೆನ್ನುತ್ತಿದ್ದವು. ಅಂಗಳದ ತುಂಬ ಕೆಂಪು ಕಲ್ಲಿನ ಹಲಗೆಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವುಗಳ ಮೇಲಿನ ಬಿಳಿ ಹುಡಿಯಲ್ಲಿ ಯಾರೋ ಬೆರಳಿನಿಂದ ಒಂದು ಫೋನ್ ನಂಬರು ಬರೆದಿದ್ದರು. ಸರ್ ಮೊದಲೇ ಬಂದಿದ್ದರು. ಅವಳ ಕೋಣೆಯ ಹೊರಗಿನ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಶಿವಯೋಗಮಂದಿರದ ವಿಭೂತಿ, ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ಎರಡು ವರ್ಷದಲ್ಲಿ ಕುತ್ತಿಗೆ ಸಣ್ಣದಾಗಿತ್ತು, ಅಂಗಿಯ ಕಾಲರು ಅದರ ಸುತ್ತ ಸಡಿಲವಾಗಿ ನಿಂತಿತ್ತು. 'ಶೈಲಾ ಶೇಂಗಾ ಹೋಳಿಗಿ ಕೊಟ್ಟಾಳ ನಿನಗ,' ಎಂದು ಹೆಂಡತಿ ಕಳಿಸಿದ ಡಬ್ಬಿಯನ್ನು ಅವಳ ಕೈಗಿಟ್ಟರು. 'ಒಂದೂ ಯಾರಿಗಿ ಕೊಡಬ್ಯಾಡ ಅಂತ ಹೇಳಿ ಕಳಿಸ್ಯಾಳ.' ಅವಳು ಬೀಗ ತೆಗೆದಳು. ಅವರು ಒಳಗೆ ಬಂದು, ಕೇಳದೆ, ಅವಳ ಕುರ್ಚಿಯಲ್ಲಿ ಕೂತು, ಅವಳಿಗೆಂದು ತಗ್ಗಿಸಿದ್ದ ಸೀಟನ್ನು ಹಿಡಿಕೆ ಎಳೆದು ತಮ್ಮ ಎತ್ತರಕ್ಕೆ ಏರಿಸಿಕೊಂಡರು. ಇದೂ ಅವಳಿಗೆ ಸರಿಯಾಗಿಯೇ ಕಂಡಿತು. ಅವರ ಕುರ್ಚಿಯೇ ಅಲ್ಲವೆ ಅದು.

ಸ್ವಲ್ಪ ಹೊತ್ತಿನೊಳಗೆ ಸಂತೋಷಕುಮಾರನೂ ಗೌತಮನೂ ಬಂದು ಹಿಂದೆ ನಿಂತರು. ಆರಿಫಾ ನಿನ್ನೆ ಮಾಡಿದ್ದನ್ನೆಲ್ಲ ಹೇಳಬೇಕೆಂದು ಬಸ್ಸಿನಲ್ಲಿಯೇ ಜೋಡಿಸಿಟ್ಟುಕೊಂಡಿದ್ದಳು. ಮೇಲ್ ಸರ್ವರಿನಲ್ಲಿ ವೆಬ್ ಡೈರೆಕ್ಟರಿಗಳಿರುತ್ತವೆ. ಬ್ರೌಸರಿನಿಂದ ಬಂದವರಿಗೆ ಒಂದು, ಮೊಬೈಲಿನಿಂದ ಬಂದವರಿಗೆ ಒಂದು, ಕ್ಯಾಲೆಂಡರಿಗೆ ಇನ್ನೊಂದು. ಒಂದೊಂದೂ ಒಂದೊಂದು ಬಾಗಿಲು. ಪ್ರತಿ ಬಾಗಿಲಿಗೂ ಎರಡು ವಿಳಾಸ, ಆಫೀಸಿನ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು. ಅವನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ಏನೂ ತಿಳಿಯದೆ, ಕೊನೆಗೆ ಅಳಿಸಿ ಹೊಸದಾಗಿ ಮಾಡಿದ್ದಳು. ಆದರೂ ಬಿಳಿ ಪುಟ ಹೋಗಿರಲಿಲ್ಲ. 'ಸರ್, ನಿನ್ನೆ ನಾ ಮೊದಲ...' ಎಂದು ಶುರು ಮಾಡುವಷ್ಟರಲ್ಲಿ ಸರ್ ಕೈ ಎತ್ತಿ, 'ಇರ್ಲಿ ತಂಗಿ' ಎಂದರು. ಅವರ ಕೈ ಮೌಸಿನ ಮೇಲಿತ್ತು. ಅವಳು ನಿನ್ನೆ ದಿನವಿಡೀ ತಿರುಗಿದ ಯಾವ ಬಾಗಿಲಿನ ಹತ್ತಿರವೂ ಅದು ಹೋಗಲಿಲ್ಲ. ಪಟ್ಟಿಯ ತಳಕ್ಕೆ ಇಳಿಯಿತು. ಅಲ್ಲಿ, ಅವಳು ಎಷ್ಟೋ ಸಲ ಕಂಡು ಯಾವತ್ತೂ ಒತ್ತದ ಒಂದು ಹೆಸರಿನ ಮೇಲೆ ನಿಂತಿತು. ಒತ್ತಿದರು. ಅದರೊಳಗೆ ಮತ್ತೆ ಅವೇ ಡೈರೆಕ್ಟರಿಗಳು, ಅವೇ ಹೆಸರುಗಳು, ಇನ್ನೊಂದು ಪ್ರತಿ. ಮುಂದಿನ ಮನೆಯ ಹಿಂದೆ ಅದೇ ನಕ್ಷೆಯ ಇನ್ನೊಂದು ಮನೆ. ಮುಂದಿನವನು ಹೆಸರು ಕೇಳಿ ಒಳಗೆ ಬಿಡುತ್ತಾನೆ, ಕಾಗದ ಕೊಡುವವನು ಹಿಂದಿನವನು. ಆ ಹಿಂದಿನವನ ಗುರುತಿನ ಪತ್ರವನ್ನು, ಸರ್ಟಿಫಿಕೇಟನ್ನು, ಯಾರೋ ಕಿತ್ತಿಟ್ಟಿದ್ದರು. ಆ ಖಾನೆ ಖಾಲಿಯಿತ್ತು. ಸರ್ ಆ ಪತ್ರವನ್ನು ಆರಿಸಿ ಖಾನೆಗೆ ಹಾಕಿದರು, ಸರ್ವಿಸ್ ನಿಲ್ಲಿಸಿ ಮತ್ತೆ ಶುರು ಮಾಡಿದರು, ಹಿಂದಕ್ಕೆ ಒರಗಿದರು. 'ಈಗ ನೋಡ್ರಿ.' ಗೌತಮ ಅವಸರದಿಂದ ತನ್ನ ಹೆಸರು ಹಾಕಿದ. ಪರದೆಯ ತುಂಬ ಮೇಲ್‌ಗಳು ಇಳಿದುಬಂದವು.

'ಚಹಾ ಆರೂದ್ರೊಳಗ ಮುಗೀತು,' ಎಂದ ಗೌತಮ. ಸರ್ ನಕ್ಕರು. 'ಆಕಿ ತಪ್ಪು ಅಲ್ರಿ. ನಿನ್ನೆ ಗಾಬರ್ಯಾಗ ಮುಂದಿನಾವು ಎಲ್ಲಾ ಅಳಿಸಿಬಿಟ್ಟಾಳ. ಅದಕ್ಕ ಮೊಬೈಲ್, ಕ್ಯಾಲೆಂಡರ್ ಇನ್ನಾ ಹತ್ತೂದಿಲ್ಲ. ಅದೊಂದು ಸಾವಕಾಶ ಮಾಡ್ತಾಳ. ಮೊದಲಿನ ತೊಂದರಿ ಯಾವುದರ ಅಪ್ಡೇಟ್ ಹಾಕುಮುಂದ ಬಿದ್ದಿರಬೇಕು.' ಸಂತೋಷಕುಮಾರ ಅವಳ ಕಡೆ ನೋಡಿದ, ಆ ದಿನ ಮೊದಲ ಸಲ. 'ಅಪ್ಡೇಟ್ ಹಾಕಿದ್ರೇನ್ರಿ?' ಅವಳು ಹಾಕಿರಲಿಲ್ಲ. ಹಾಕಿಲ್ಲ ಎಂದರೆ ಸರ್ ಹೇಳಿದ್ದು ಸುಳ್ಳಾಗುತ್ತಿತ್ತು, ಅದೂ ಅವರೆದುರಿಗೆ. 'ನೋಡಬೇಕ್ರಿ' ಎಂದಳು.

ಮೂವರೂ ಹೊರಗೆ ಹೋದ ಮೇಲೆ ಅವಳು ನಿಂತಲ್ಲೇ ನಿಂತಿದ್ದಳು. ಆ ಖಾನೆ ತಾನಾಗಿ ಖಾಲಿಯಾಗುವಂಥದ್ದಲ್ಲ. ಅಲ್ಲಿಗೆ ಕೈ ಹಾಕಬಲ್ಲ ಖಾತೆ ಎರಡೇ, ಒಂದು ಅವಳದು, ಇನ್ನೊಂದು ಸರ್ ಅವರದು. ಅವರದನ್ನು ತೆಗೆದುಹಾಕಲು ಸಂತೋಷಕುಮಾರ ಎರಡು ವರ್ಷದ ಹಿಂದೆಯೇ ಹೇಳಿದ್ದ, 'ಹೂಂ ರಿ' ಎಂದೂ ಅಂದಿದ್ದಳು. ಅದೇ ಸಂಜೆ ಸರ್, 'ಇರ್ಲಿ ಬಿಡು ಆರಿಫಾ, ನಿನಗ ಏನರ ಅಡಚಣಿ ಬಂದ್ರ ಬಾದಾಮ್ಯಾಗ ಕುಂತು ನೋಡ್ತೇನಿ' ಎಂದಿದ್ದರು. ತೆಗೆಯುವುದು ಮನೆಯ ಹಿರಿಯರು ಊರಿಗೆ ಹೋದ ದಿನವೇ ಅವರ ಹಾಸಿಗೆ ಸುತ್ತಿ ಅಟ್ಟಕ್ಕೆ ಎಸೆದಂತೆ ಎಂದು ಅವಳಿಗೆ ಅನ್ನಿಸಿತ್ತು. ಫೋನಿನಲ್ಲಿ ಬಿಳಿ ಪುಟ ಎಂದು ತಾನು ಹೇಳಿದ್ದೆನೆ? ಹೇಳಿರಲಿಲ್ಲ. ಅವರೇ ಹೇಳಿದ್ದು. ಮುಂದಿನವನ್ನೆಲ್ಲ ಅಳಿಸಿದ್ದೂ ತಾನು ಹೇಳುವ ಮುಂಚೆಯೇ ಅವರಿಗೆ ಗೊತ್ತಿತ್ತು. ನಿನ್ನೆ ಅವಳ ಕಣ್ಣು ತುಂಬಿಸಿದ ಆ ಮಾತು ಈಗ ಮಗ್ಗುಲು ಬದಲಿಸಿ ಬೇರೆ ಮುಖ ತೋರಿಸಿತು. ಅಲ್ಲ, ಹಾಗಿರಲಾರದು. ಅನುಭವ ಇದ್ದವರಿಗೆ ಗೊತ್ತಾಗುತ್ತದೆ. ಆದರೆ ಅನುಭವ ಇದ್ದವರೂ ಮೊದಲು ನಾಲ್ಕು ಕಡೆ ಕೈಯಾಡಿಸುತ್ತಾರೆ, ಮನೆಯಲ್ಲಿ ಬಿದ್ದುಹೋದ ಕಿವಿಯೋಲೆ ಹುಡುಕುವವರ ಹಾಗೆ. ನೇರ ಹೋಗಿ ಹಾಸಿಗೆಯ ಮೂಲೆ ಎತ್ತುವವರು, ಅಲ್ಲಿ ಇಟ್ಟವರು ಮಾತ್ರ.

ಆಮೇಲೆ ಇನ್ನೊಂದು ನೆನಪಾಯಿತು. ಅದು ನೆನಪಾಗದಿದ್ದರೆ ಚೆನ್ನಾಗಿತ್ತು. ಆ ಹಿಂದಿನ ಮನೆಯನ್ನು ಅವರು ತನಗೆ ತೋರಿಸಿರಲೇ ಇಲ್ಲ. ಒಟ್ಟಿಗೆ ಕೂತು ಇಡೀ ಸರ್ವರನ್ನು ಬಿಚ್ಚಿ ಕಟ್ಟಿದ ದಿನಗಳಲ್ಲಿ, ಪಟ್ಟಿಯ ತಳಕ್ಕೆ ಬಂದಾಗ, 'ಆರಿಫಾ, ಒಂದ್ ಗ್ಲಾಸ್ ನೀರ್ ತಗೊಂಬಾ' ಎನ್ನುತ್ತಿದ್ದರು. ಬಂದು ನೋಡಿದರೆ ಪರದೆ ಬೇರೆಯಾಗಿರುತ್ತಿತ್ತು. ಅವಳು ನೀರು ಕೊಟ್ಟು, ಅವರು ಕುಡಿಯುವವರೆಗೆ ಗ್ಲಾಸಿಗಾಗಿ ಕಾಯುತ್ತ ನಿಲ್ಲುತ್ತಿದ್ದಳು. ಎಷ್ಟು ಸಲ? ಆ ಮಾತಿಗೆ ಬೇರೆ ಅರ್ಥವಿರಬಹುದೆಂದು ಹನ್ನೊಂದು ವರ್ಷ ಹೊಳೆಯಲಿಲ್ಲವಲ್ಲ. ಗರಡಿಯ ಉಸ್ತಾದ ಒಂದು ಪಟ್ಟು ತನಗೇ ಇಟ್ಟುಕೊಳ್ಳುತ್ತಾನೆ ಎಂದು ಅವಳ ತಾಯಿ ಜೋಹರಾ ಹೇಳುವುದಿತ್ತು. ಆದರೆ ಆ ಪಟ್ಟು, ಶಿಷ್ಯ ಎದುರು ನಿಂತಾಗ ಹಾಕುವುದಕ್ಕೆ. ತಾನು ಯಾವಾಗ ಎದುರು ನಿಂತಿದ್ದೆ? ಮೇಜಿನ ಮೇಲೆ ಹೋಳಿಗೆಯ ಡಬ್ಬಿ ಕೂತಿತ್ತು. ಮುಚ್ಚಳ ತೆಗೆಯದೆಯೇ ಅದರ ತುಪ್ಪದ, ಏಲಕ್ಕಿಯ ವಾಸನೆ ಬರುತ್ತಿತ್ತು.

ಗೇಟಿನಾಚೆಯ ಚಹಾದಂಗಡಿಯಲ್ಲಿ ಸರ್ ಒಬ್ಬರೇ ನಿಂತಿದ್ದರು. ಅವಳನ್ನು ನೋಡಿ ಅಂಗಡಿಯವನಿಗೆ ಇನ್ನೊಂದು ಎಂದು ಬೆರಳು ತೋರಿಸಿದರು. ಲಾರಿಯೊಂದು ಕಲ್ಲಿನ ದಿಮ್ಮಿ ಹೊತ್ತು ಏದುಸಿರು ಬಿಡುತ್ತ ಹೆದ್ದಾರಿಗೆ ತಿರುಗುತ್ತಿತ್ತು. ಅದು ಹೋಗುವವರೆಗೆ ಕಾಯಬೇಕಾಯಿತು.

'ಸರ್, ನಾ ಯಾವ ಅಪ್ಡೇಟೂ ಹಾಕಿರಲಿಲ್ರಿ.'

'ಗೊತ್ತೈತಿ.'

ಅವರು ಅದನ್ನು ತೀರಾ ಸರಳವಾಗಿ ಅಂದರು. ಅವಳು ಕೇಳಿಯೇಬಿಟ್ಟಳು: 'ಹಂಗಾರ ನೀವ ಮಾಡಿದ್ರೇನ್ರಿ?'

ಸರ್ ಬಸಿಯಲ್ಲಿ ಚಹಾ ಹೊಯ್ದುಕೊಂಡು ಊದಿದರು. 'ಬಾದಾಮ್ಯಾಗ ಮುಂಜಾನಿ ಎದ್ದು ಏನ ಮಾಡ್ತಾರಂತ ನಿನಗ ಗೊತ್ತೈತೇನು? ಮಂಗ್ಯಾ ಬಂದು ಬಟ್ಟಿ ಒಯ್ಯಬಾರದಂತ ಮಾಳಗಿ ಮ್ಯಾಲ ಕಾಯ್ಕೊಂತ ಕುಂದರೂದು. ಶೈಲಾ ಆ ಕೆಲಸಾ ಕೊಟ್ಟಾಳ ನನಗ.' ಬಸಿ ಬರಿದು ಮಾಡಿದರು. 'ಯಾರಿಗಿ ಏನ ಲುಕ್ಸಾನ ಆತು ಹೇಳು. ಒಂದು ದಿನಾ ಮೇಲ್ ಬರಲಿಲ್ಲ. ಈ ಮಾಲೀಕಗ ನನ್ನ ಬೆಲಿ ತಿಳೀತು. ನಾಳಿಂದ ನಾ ಇದ್ರ ನಿನಗೂ ಛಲೋನ. ಏನರ ಬಂದ್ರ ನನ್ನ ಮ್ಯಾಲ ಹಾಕಬಹುದು.'

'ನನ್ನ ನೌಕರಿ ಹೋಗ್ತಿತ್ತು ಸರ್.'

'ಹೋಗ್ತಿರಲಿಲ್ಲ. ನಾ ಇದ್ನಲ್ಲ.'

'ನಾ ಅದನ್ನ ಹುಡುಕಿದ್ರ?'

ಅವರು ಅವಳನ್ನು ನೋಡಿದರು. ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಲೆಕ್ಕ ತಪ್ಪಿದ ಮಗುವಿನ ಪಾಟಿಯನ್ನು ನೋಡುವ ಮಾಸ್ತರನ ಮಮತೆ ಇತ್ತು. 'ನಿನಗ ಸಿಗೂದಿಲ್ಲಂತ ಗೊತ್ತಿತ್ತವಾ' ಎಂದರು.

ಮಧ್ಯಾಹ್ನ ಸಂತೋಷಕುಮಾರ ಸರ್ ಅವರನ್ನು ಗೆಸ್ಟ್ ಹೌಸಿಗೆ ಊಟಕ್ಕೆ ಕರೆದೊಯ್ದ. ಆರಿಫಾ ಕೋಣೆಗೆ ಬಂದು ಹಿಡಿಕೆ ಒತ್ತಿ ಕುರ್ಚಿಯನ್ನು ಮತ್ತೆ ತಗ್ಗಿಸಿದಳು. ಉಳಿದ ಡೈರೆಕ್ಟರಿಗಳನ್ನು ತೆರೆದಳು. ಮೊಬೈಲಿನದಕ್ಕೆ ಹೊರಗಿನ ವಿಳಾಸವೇ ಇರಲಿಲ್ಲ; ಬರೆದಳು. ಕ್ಯಾಲೆಂಡರಿನದಕ್ಕೆ ಒಳಗಿನವರನ್ನು ಗುರುತಿಸುವ ರೀತಿ ಬದಲಾಗಿತ್ತು, ಸರಿಪಡಿಸಿದಳು. ಕೈ ಎಲ್ಲೂ ತಪ್ಪುತ್ತಿರಲಿಲ್ಲ. ಅವೇ ಶಾಂತ ಕೈಗಳು. ಅವುಗಳನ್ನು ಶಾಂತ ಎಂದು ಕರೆದವರು ಅವರೇ ಎನ್ನುವುದು ನೆನಪಾಗಿ ಅವಳು ಅವುಗಳನ್ನು ಕೀಲಿಮಣೆಯ ಮೇಲಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಹಿಂದಿನ ಮನೆಗೆ ತಾನೇ ಇಳಿದು ಹೋದಳು. ಒಂದೊಂದು ಕೋಣೆಯನ್ನೂ ತೆರೆದು ನೋಡಿದಳು. ಕಷ್ಟದ್ದೇನೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಅಷ್ಟು ವರ್ಷ ಬಚ್ಚಿಟ್ಟದ್ದು ಇಷ್ಟು ಸಣ್ಣದು, ಒಂದು ಮಧ್ಯಾಹ್ನದಲ್ಲಿ ಕಲಿಯುವಂಥದ್ದು. ದೊಡ್ಡ ವಿದ್ಯೆಯನ್ನು ಬಚ್ಚಿಟ್ಟಿದ್ದರೆ ಅವರನ್ನು ಕ್ಷಮಿಸುವುದು ಸುಲಭವಿತ್ತೇನೋ. ಎಲ್ಲ ಮುಗಿದ ಮೇಲೆ ಅವರ ಖಾತೆಯನ್ನು ಹುಡುಕಿ, ಅಳಿಸು ಎನ್ನುವಲ್ಲಿ ಒತ್ತಿದಳು. ಖಚಿತವೆ ಎಂದು ಕೇಳಿತು. ಹೌದು ಎಂದು ಒತ್ತಿದಳು. ಒಂದು ಹೆಸರು ಹೋಗುವುದಕ್ಕೆ ಸದ್ದೇ ಆಗಲಿಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನವೀದ ಫೋನಿನಲ್ಲಿ ಅದನ್ನೇ ಅಂದ. 'ನೀ ಹೇಳಿದ್ರ ಖಾತಾ ಯಾಕ ಇಟ್ಟಿದ್ದಿ ಅಂತ ಮೊದಲ ನಿನ್ನ ಹಿಡೀತಾರ. ಬಿಟ್ಟಬಿಡು. ಹಿರೇ ಮನುಷ್ಯಾ ಅದಾರ.' ಅವನು ಹೇಳುವುದರಲ್ಲಿ ತಪ್ಪಿರಲಿಲ್ಲ. ಸುಮ್ಮನಿದ್ದರೆ ಎಲ್ಲರೂ ಉಳಿಯುತ್ತಿದ್ದರು. ಆದರೆ ಸುಮ್ಮನಿರುವುದೆಂದರೆ ನಾಳೆಯಿಂದ ದಿನವೂ ಆ 'ನಿನಗ ಸಿಗೂದಿಲ್ಲ' ಎನ್ನುವ ಮಮತೆಯ ಕೆಳಗೆ ಕೂತು ಕೆಲಸ ಮಾಡುವುದು. ಗೌತಮನೆದುರು ನಕ್ಕ ನಗುವನ್ನೇ ದಿನವೂ ನಗುವುದು. ಅವಳು ಡಬ್ಬಿಯನ್ನು ಕಪಾಟಿನೊಳಗಿಟ್ಟು ಮೇಲಿನ ಮಹಡಿಗೆ ಹತ್ತಿದಳು.

ಸಂತೋಷಕುಮಾರ ಊಟ ಮುಗಿಸಿ ಬಂದು ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಅವಳು ನಿಂತೇ ಹೇಳಿದಳು. ಮೊದಲು ತನ್ನದನ್ನು ಹೇಳಿದಳು: ತೆಗೆಯಿರಿ ಎಂದ ಖಾತೆಯನ್ನು ತಾನು ತೆಗೆದಿರಲಿಲ್ಲ, ತೆಗೆದದ್ದು ಈಗಷ್ಟೇ. ಆಮೇಲೆ ಸರ್ ಮಾಡಿದ್ದನ್ನು. ಹೇಳುತ್ತ ಹೋದಂತೆ ಮಾತು ತಾನು ಬಯಸಿದ್ದಕ್ಕಿಂತ ಕ್ಷುಲ್ಲಕವಾಗಿ, ಚಾಡಿಯ ಹಾಗೆ ಕೇಳಿಸತೊಡಗಿತು. ಅವನು ತಡೆಯದೆ ಕೇಳಿದ. ಎದ್ದು ಹೋಗಿ ಬಾಗಿಲಿನಾಚೆ ನೋಡಿ, 'ಸರ್, ಒಂದ್ ಮಿನಿಟ್ ಬರ್ರಿ' ಎಂದ. ಅದನ್ನು ಅವಳು ಎಣಿಸಿರಲಿಲ್ಲ. ಸರ್ ಬಂದು ಕೂತರು. 'ಈಕಿ ಹಿಂಗ ಹೇಳ್ತಾರ್ರಿ' ಎಂದು ಅವನು ಎಲ್ಲವನ್ನೂ ಒಂದೇ ವಾಕ್ಯದಲ್ಲಿ, ಪಂಚಾಯಿತಿಯ ದನಿಯಲ್ಲಿ ಹೇಳಿದ.

ಆರಿಫಾ ಅವರ ಮುಖವನ್ನು ನೋಡಿದಳು. ಅವರು ಸಿಟ್ಟಾಗಲಿ, ಇಲ್ಲ ಎಂದು ಕೂಗಾಡಲಿ, ಮೇಜು ಬಡಿಯಲಿ ಎಂದು ಅವಳು ಒಳಗೊಳಗೆ ಬೇಡಿಕೊಳ್ಳುತ್ತಿದ್ದಳು. ಸರ್ ಏನನ್ನೂ ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

'ಆಕಿ ಮ್ಯಾಲ ಸಿಟ್ಟ ಆಗಬ್ಯಾಡ್ರಿ,' ಎಂದರು ಮಾಲೀಕನಿಗೆ. 'ನಿನ್ನೆಯಿಂದ ಉಂಡಿಲ್ಲ, ತಿಂದಿಲ್ಲ. ಎಲ್ಲಾರೂ ಆಕಿನ್ನ ಬೊಟ್ಟ ಮಾಡಿ ತೋರಿಸ್ಯಾರ. ಮನಿಷ್ಯಾ ಅಂದ ಮ್ಯಾಲ ತಪ್ಪು ಯಾರ ಮ್ಯಾಲರ ಹಾಕಬೇಕ ಅನಸ್ತೈತಿ. ನನ್ನ ಮ್ಯಾಲ ಹಾಕ್ಯಾಳ. ನಾ ಅಲ್ಲದ ಮತ್ತ ಯಾರ ಅದಾರ ಆಕಿಗಿ? ನಾ ಮನಸಿಗಿ ಹಚ್ಚಿಕೊಂಡಿಲ್ರಿ.'

ಹೇಳುವಾಗ ಅವರ ಕಣ್ಣಿನಲ್ಲಿ ನಿಜವಾಗಿ ನೀರಿತ್ತು. ಅವರು ಅವಳನ್ನು ಕ್ಷಮಿಸಿಬಿಟ್ಟಿದ್ದರು. ಹೊಡೆತಕ್ಕೆ ಕೈ ಅಡ್ಡ ಹಿಡಿಯಬಹುದು, ಸುಳ್ಳಿಗೆ ಎದುರಾಡಬಹುದು, ಈ ಕ್ಷಮೆಗೆ ಏನು ಮಾಡುವುದು? ಚಹಾದಂಗಡಿಯಲ್ಲಿ ತಾನು ಕೇಳಿದ ಮಾತುಗಳು ಕೂಡ ಒಂದು ಕ್ಷಣ ಅನುಮಾನಕ್ಕೆ ಬಿದ್ದವು. ಲಾರಿಯ ಸದ್ದಿತ್ತು, ತಾನೇ ತಪ್ಪು ಕೇಳಿಸಿಕೊಂಡೆನೆ? ಇಲ್ಲ. ಅವರು ಬಸಿಯಲ್ಲಿ ಊದಿದ್ದು, ಮಾಳಿಗೆಯ ಮೇಲಿನ ಮಂಗ, ಎಲ್ಲ ಇದ್ದದ್ದೇ. 'ಸರ್, ನೀವ ನನ್ನ ಮುಂದ ಹೇಳಿದ್ರಿ' ಎಂದಳು. ತನ್ನ ದನಿ ಚಿಕ್ಕ ಹುಡುಗಿಯದಾಗಿತ್ತು. ಸರ್ ಮಾಲೀಕನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು, ನೋಡಿದಿರಾ ಎಂಬಂತೆ.

ಸಂತೋಷಕುಮಾರ ಎದ್ದು ಕಿಟಕಿಯಲ್ಲಿ ಉಗುಳಿ ಬಂದ. ಅವನಿಗೆ ಯಾರು ನಿಜ ಹೇಳುತ್ತಿದ್ದಾರೆ ಎನ್ನುವುದು ಗೊತ್ತಾಗಿತ್ತು. ಅವನ ಮುಖದ ಮೇಲೆ ಅವಳು ಅದನ್ನು ಸ್ಪಷ್ಟವಾಗಿ ಕಂಡಳು. ಆ ನಿಜ ಅವನಿಗೆ ಬೇಕಿಲ್ಲ ಎನ್ನುವುದನ್ನೂ ಕಂಡಳು. ಕೆಡಿಸಬಲ್ಲವನು ಹೊರಗಿರುವುದಕ್ಕಿಂತ ಒಳಗಿರುವುದು ಮೇಲು ಎಂದು ಲೆಕ್ಕ ಹಾಕುವಷ್ಟು ಅವನು ಅಪ್ಪನ ಮಗನಾಗಿದ್ದ. 'ಆತು ಬಿಡ್ರಿ,' ಎಂದ. 'ಖಾತಾ ತಗೀಲಿಲ್ಲ ಅನ್ನೂದು ನಿಮ್ಮ ತಪ್ಪು, ನೀವ ಒಪ್ಪೀರಿ. ಅದಕ್ಕೊಂದು ನೋಟೀಸ್ ಕೊಡಬೇಕಾಗ್ತೈತಿ, ಆಫೀಸಿನ ರೀತಿ ಪ್ರಕಾರ. ಸರ್ ನಾಳಿಂದ ಸಲಹೆಗಾರ. ನೀವು ಅವರ ಕೈಕೆಳಗ. ಅವರಿಗಿ ಒಂದು ಹೊಸಾ ಖಾತಾ ಮಾಡಿ ಕೊಟ್ಟು ಹೋಗ್ರಿ.'

'ನಾ ಮಾಡೂದಿಲ್ರಿ,' ಎಂದಳು.

ಅವಳೇ ಬೆಚ್ಚಿದಳು. ಕೆಳಗೆ ಕಲ್ಲು ಕೊಯ್ಯುವ ಗರಗಸ ನಿಂತಿತು. ಪಾಳಿ ಬದಲಾಗುವ ಹೊತ್ತು. ಹೊಸ ಖಾತೆ ಮಾಡುವ ಅಧಿಕಾರ ಈಗ ಅವಳೊಬ್ಬಳಿಗೇ ಇತ್ತು, ಅದು ಮೂವರಿಗೂ ಗೊತ್ತಿತ್ತು. ಸರ್ ಕುರ್ಚಿಯಲ್ಲಿ ತುಸು ಮುಂದಕ್ಕೆ ಸರಿದರು. ಆ ಮುಖದಲ್ಲಿ ಮಮತೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಾಡಿಗೆಗೆ ಮನೆ ಕೇಳಲು ಬಂದವರ ಎಚ್ಚರವಿತ್ತು. 'ಆರಿಫಾ ಅವರ, ಹಂಗ ಮಾಡಬ್ಯಾಡ್ರಿ,' ಎಂದರು. 'ಒಂದು ಖಾತಾ ಮಾಡಿಕೊಡ್ರಿ.'

'ಆರಿಫಾ ಅವರ', 'ರಿ'. ಹನ್ನೊಂದು ವರ್ಷದಲ್ಲಿ ತಂಗಿ, ಅವ್ವಿ, ಹುಚ್ಚಿ, ನೀ ಎಂದಷ್ಟೇ ಕರೆದಿದ್ದರು. ಸರ್ವರ್ ಕೆಡಿಸಿದ್ದು, ಸುಳ್ಳು ಹೇಳಿದ್ದು, ಕ್ಷಮಿಸಿದ್ದು, ಇವೆಲ್ಲವನ್ನೂ ಅವಳು ಹೇಗೋ ನಿಂತುಕೊಂಡೇ ಸಹಿಸಿದ್ದಳು. ಈ ಒಂದು 'ರಿ'ಯನ್ನು ಸಹಿಸಲಾಗಲಿಲ್ಲ. ಬಾಗಿಲಿಗೆ ಹೋಗಿ, 'ಮೊಬೈಲ್, ಕ್ಯಾಲೆಂಡರ್ ಎರಡೂ ಸರಿ ಮಾಡೇನ್ರಿ, ನೋಡ್ಕೊಳ್ರಿ' ಎಂದು ಮಾಲೀಕನಿಗೆ ಹೇಳಿ ಮೆಟ್ಟಿಲಿಳಿದಳು. ಮೆಟ್ಟಿಲ ತಿರುವಿನಲ್ಲಿ ಗೌತಮ ಎದುರಾಗಿ ಏನೋ ಅಂದ. ಅವಳು ನಗಲಿಲ್ಲ. ಅವನು ಗೋಡೆಗೆ ಸರಿದು ದಾರಿ ಬಿಟ್ಟ.

ಸಂಜೆಯ ಬಸ್ಸಿನಲ್ಲಿ ಕೂಡಲಸಂಗಮಕ್ಕೆ ಹೋಗುವವರ ಗದ್ದಲವಿತ್ತು. ಕಂಬ ಹಿಡಿದು ನಿಂತಿದ್ದಾಗ ಬ್ಯಾಗಿನೊಳಗೆ ಫೋನು ಮಿಡಿಯಿತು. ಕಂಪನಿಯ ಮೇಲ್, ಎಲ್ಲರಿಗೂ ಕಳಿಸಿದ್ದು. ನಿನ್ನೆ ಉಂಟಾದ ತಾಂತ್ರಿಕ ತೊಂದರೆಯನ್ನು ಕ್ಷಣಾರ್ಧದಲ್ಲಿ ನಿವಾರಿಸಿದ ಹಿರಿಯರಾದ ಶ್ರೀ ವಿಜಯಮಹಾಂತೇಶ ಅವರು ನಾಳೆಯಿಂದ ನಮ್ಮ ತಾಂತ್ರಿಕ ಸಲಹೆಗಾರರು, ಅವರಿಗೆ ಕೃತಜ್ಞತೆಗಳು. ಅವಳು ಎರಡು ಸಲ ಓದಿದಳು. ಎರಡನೆಯ ಸಲ ಓದುವಾಗ ಕಣ್ಣು ಅಕ್ಷರಗಳ ಮೇಲಿರಲಿಲ್ಲ. ಮೇಲ್ ಮೊಬೈಲಿಗೆ ತಡವಿಲ್ಲದೆ, ಪಾಸ್‌ವರ್ಡ್ ಕೇಳದೆ, ನೀಟಾಗಿ ಬಂದಿತ್ತು. ಮಧ್ಯಾಹ್ನ ಬರೆದ ವಿಳಾಸ ಸರಿಯಾಗಿಯೇ ಕೂತಿತ್ತು. ಇದನ್ನು ಯಾರಿಗೆ ಹೇಳುವುದು ಎಂದು ಯೋಚಿಸಿದಳು. ಹೇಳಿದರೆ ತಿಳಿಯುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು.

ಹುನಗುಂದದ ನಿಲ್ದಾಣದಲ್ಲಿ ಇಳಿದು, ಹಣ್ಣಿನ ಗಾಡಿಗಳ ಹಿಂದಿನ ನೆರಳಿಗೆ ಬಂದಾಗ ಅವರದೇ ಫೋನು ಬಂತು. ಕೈಯಲ್ಲಿ ಅದು ಬಡಿದುಕೊಳ್ಳುತ್ತಿರುವುದನ್ನು ನೋಡುತ್ತ ನಿಂತಳು. ನಿಂತಿತು. ಮತ್ತೆ ಬಂತು. ಎತ್ತಿದಳು.

'ಊರು ಮುಟ್ಟಿದೇನವಾ?' ಎಂದರು ಸರ್.

ಆ ದನಿಯಲ್ಲಿ ಬೆಳಗಿನಿಂದ ನಡೆದ ಏನೂ ಇರಲಿಲ್ಲ. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ, ಅವಳು ಬಸುರಿಯಾಗಿದ್ದಾಗಿನ ದಿನಗಳಲ್ಲಿ ಕೇಳಿದ ಅದೇ ಅಕ್ಕರೆ. ನಟನೆಯಾಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು. ಆ ಮನುಷ್ಯನಲ್ಲಿ ಇದೂ ಖರೆ ಇತ್ತು, ಅದೂ ಖರೆ ಇತ್ತು, ಒಂದನ್ನೊಂದು ತಾಕದೆ. 'ಊಟಾ ಮಾಡಿ ಮಲಕ್ಕೊ' ಎನ್ನುತ್ತಿದ್ದರು. 'ಹೋಳಿಗಿ ಡಬ್ಬಿ ಅಲ್ಲೇ ಬಿಟ್ಟೀಯಂತ, ಶೈಲಾ ಕೇಳಿದ್ರ ಏನ ಹೇಳಲಿ? ಆ ನೋಟೀಸಿನ ಮಾತ ಮನಸಿನ್ಯಾಗ ಇಟ್ಕೋಬ್ಯಾಡ, ಅದನ್ನ ನಾ ನಿಲ್ಲಸ್ತೇನಿ. ನಾಳೆ ಬಂದ ಕೂಡ್ಲೆ ಆ ಖಾತಾ ಒಂದ ಮಾಡಿಬಿಡು. ಕೇಳಸ್ತೇನು?'

ಸುತ್ತ ಬಸ್ಸುಗಳು ಹೊರಟು ಹೋಗಿ ನಿಲ್ದಾಣ ಒಂದು ಗಳಿಗೆ ಸ್ತಬ್ಧವಾಗಿತ್ತು. ಅವರ ಉಸಿರು ಕೂಡ ಅವಳಿಗೆ ಕೇಳಿಸುತ್ತಿತ್ತು. ಬಾದಾಮಿಗೆ ಹೋಗುವ ಬಸ್ಸಿನ ಕಿಟಕಿಯ ಪಕ್ಕ ಕೂತಿರಬೇಕು. ಕಂಡಕ್ಟರನ ಸೀಟಿಯೂ ಕೇಳಿಸಿತು.

'ಇನ್ನಾ ದಾರ್ಯಾಗ ಅದೀನ್ರಿ ಸರ್,' ಎಂದಳು ಆರಿಫಾ. 'ಏನೂ ಕೇಳಸವಲ್ದು.'

'ಹಲೋ, ಆರಿಫಾ?' ಎಂದರು ಅವರು, ಸ್ವಲ್ಪ ಜೋರಾಗಿ. 'ಹಲೋ?'

'ಕೇಳಸವಲ್ದ್ರಿ,' ಎಂದು ಇನ್ನೊಮ್ಮೆ ಹೇಳಿದಳು. ಅವರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳಿ, ಫೋನನ್ನು ಕಿವಿಯಿಂದ ತೆಗೆಯದೆ, ಅವರು ತನ್ನ ಹೆಸರನ್ನು ಕೂಗಿ ಕೂಗಿ ಸುಮ್ಮನಾಗುವವರೆಗೆ ನಿಂತು ಕೇಳಿದಳು.